ಚಾವಡಿಯೊಳಗಿನ ಕಡಲು

ಕಡಲಿಗೆ ಮೂರು ನಾಲ್ಕು ಮೈಲಿ ದೂರದಲ್ಲಿ ಮನೆ ಮಾಡಿಕೊಂಡಿರುವ ಮನುಷ್ಯನಿಗೆ ತನ್ನ ಚಾವಡಿಯಲ್ಲಿ ಇನ್ನೊಂದು ಕಡಲು ಏಕೆ ಬೇಕು? ಈ ಪ್ರಶ್ನೆಯನ್ನು ನಾನು ಮೊದಲು ಕೇಳಿದ್ದು ತಮಾಷೆಗಾಗಿ. ಈಗ ಅದು ತಮಾಷೆಯಾಗಿ ಉಳಿದಿಲ್ಲ.

ನನ್ನ ಮಿತ್ರರೊಬ್ಬರು ಮಂಗಳೂರಿನ ಬಿಜೈ ಕಡೆಯಲ್ಲಿದ್ದಾರೆ. ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ದುಡಿದು ನಿವೃತ್ತರಾದವರು. ನಮ್ಮ ಊರು ಬ್ಯಾಂಕುಗಳ ತವರು. ಇಲ್ಲಿ ನಿವೃತ್ತರೆಂದರೆ ಬಹುಮಟ್ಟಿಗೆ ಬ್ಯಾಂಕಿನವರೇ. ಇಡಿಗಂಟು ಕೈಗೆ ಬಂದಾಗ ಕೆಲವರು ಕಾಶಿಗೆ ಹೋಗುತ್ತಾರೆ, ಕೆಲವರು ವಿದೇಶದಲ್ಲಿರುವ ಮಗಳ ಮನೆಗೆ ಹೋಗಿ ಮೊಮ್ಮಕ್ಕಳನ್ನು ಆಡಿಸುತ್ತಾರೆ. ಇವರು ಎರಡನ್ನೂ ಮಾಡಲಿಲ್ಲ; ಉಪ್ಪುನೀರಿನ ಮೀನಿನ ತೊಟ್ಟಿ ಕಟ್ಟಿಸಿದರು. ತೊಟ್ಟಿ ಎಂದೊಡನೆ ಹೋಟೆಲಿನ ಗಲ್ಲಾದ ಪಕ್ಕದಲ್ಲಿ ಎರಡು ಬಂಗಾರದ ಮೀನು ಬಾಯಿ ತೆರೆದು ಮುಚ್ಚುತ್ತಿರುವ ಗಾಜಿನ ಬುಡ್ಡಿಯನ್ನು ವಾಚಕರು ನೆನೆಯಬಾರದು. ಇದರ ಉದ್ದ ೧೨ ಅಡಿ, ಅಗಲ ೪ ಅಡಿ, ಎತ್ತರ ೪ ಅಡಿ. ಲೆಕ್ಕ ಹಾಕಿದರೆ ೧೯೨ ಘನ ಅಡಿ, ಅಂದರೆ ಸುಮಾರು ೫,೪೦೦ ಲೀಟರು ನೀರು. ಕಡಲ ನೀರು ಸಿಹಿ ನೀರಿಗಿಂತ ಭಾರ. ಗಾಜು, ಕಲ್ಲು, ಮರಳು ಬಿಟ್ಟು ನೀರೊಂದೇ ಐದೂವರೆ ಟನ್ನು. ಬೆಳೆದ ಸಲಗವೊಂದನ್ನು ಚಾವಡಿಯಲ್ಲಿ ನಿಲ್ಲಿಸಿಕೊಂಡ ಹಾಗೆ. ಮುರಕಲ್ಲಿನ ಹಳೆಯ ಮನೆ; ನೆಲ ಅಗೆಸಿ, ಕಾಂಕ್ರೀಟು ತುಂಬಿಸಿ, ಅದರ ಮೇಲೆ ಕಬ್ಬಿಣದ ಪೀಠ ಹಾಕಿಸಿದರು. ಅಜ್ಜನ ಕಾಲದ ತೂಗುಯ್ಯಾಲೆ ಹಿತ್ತಿಲ ಜಗಲಿಗೆ ಹೋಯಿತು. ಅವರ ಮನೆಯಾಕೆ ಆಡಿದ ಮಾತುಗಳನ್ನು ಇಲ್ಲಿ ಬರೆಯುವುದು ಸಲ್ಲದು.

ನೀರಿನ ಒತ್ತಡದ ವಿಷಯ ನನಗೆ ಆಗ ಮೊದಲ ಬಾರಿ ಸರಿಯಾಗಿ ತಿಳಿಯಿತು. ಒತ್ತಡ ತೊಟ್ಟಿಯ ಉದ್ದವನ್ನು ನೋಡುವುದಿಲ್ಲ, ಆಳವನ್ನು ಮಾತ್ರ ನೋಡುತ್ತದೆ. ಪಣಂಬೂರಿನಲ್ಲಿ ನಾಲ್ಕು ಅಡಿ ಆಳದಲ್ಲಿ ನೀರು ನಮ್ಮ ಕಾಲನ್ನು ಎಷ್ಟು ಒತ್ತುತ್ತದೆಯೋ ಈ ತೊಟ್ಟಿಯ ತಳದಲ್ಲಿಯೂ ಅಷ್ಟೇ ಒತ್ತುತ್ತದೆ. ಹಿಂದೆ ಅರಬ್ಬೀ ಸಮುದ್ರ ಇದ್ದರೂ ಇಲ್ಲದಿದ್ದರೂ ಒಂದೇ. ಆದರೂ ಮುಂದಿನ ಒಂದೇ ಗಾಜಿನ ಮೇಲೆ ಬೀಳುವ ಬಲ ಎರಡೂವರೆ ಟನ್ನಿಗೂ ಮೇಲೆ. ಅದರ ಎದುರು ಕುರ್ಚಿ ಹಾಕಿಕೊಂಡು ಕಾಫಿ ಕುಡಿಯುವಾಗ ಈ ಸಂಖ್ಯೆಯನ್ನು ಮರೆತರೆ ಒಳ್ಳೆಯದು.

ತೊಟ್ಟಿ ನಿಂತ ಮೇಲೆ ನೀರು ಎಲ್ಲಿಂದ ಎಂಬ ಪ್ರಶ್ನೆ ಬಂತು. ಕಡಲಿನಿಂದ, ಮತ್ತೆಲ್ಲಿಂದ, ಎಂದು ನಾನು ಹೇಳಿದೆ. ಮಿತ್ರರು ನಕ್ಕರು. ನಮ್ಮ ತೀರದ ನೀರು ಈ ಮೀನುಗಳಿಗೆ ಒಗ್ಗುವುದಿಲ್ಲವಂತೆ. ನೇತ್ರಾವತಿಯೂ ಗುರುಪುರ ಹೊಳೆಯೂ ಇಲ್ಲಿಯೇ ಕಡಲನ್ನು ಸೇರುತ್ತವೆ. ಮಳೆಗಾಲದ ನಾಲ್ಕು ತಿಂಗಳು ಘಟ್ಟದ ಕೆಂಪು ಮಣ್ಣೆಲ್ಲ ಅಳಿವೆಯಲ್ಲಿ ಇಳಿದು ದಡದ ನೀರು ಚಹಾದ ಬಣ್ಣಕ್ಕೆ ತಿರುಗುತ್ತದೆ, ಉಪ್ಪು ತೆಳುವಾಗುತ್ತದೆ. ಅದರ ಮೇಲೆ ಬಂದರಿನ ಎಣ್ಣೆ, ಊರಿನ ಕೊಚ್ಚೆ. ಆದ್ದರಿಂದ ಅವರು ಬಾವಿಯ ನೀರನ್ನು ಯಂತ್ರದಲ್ಲಿ ಸೋಸಿ, ಚೀಲದಲ್ಲಿ ಬರುವ ಉಪ್ಪನ್ನು ಬೆರೆಸಿ ಕಡಲನ್ನು ತಯಾರಿಸಿದರು. ಲೀಟರಿಗೆ ೩೫ ಗ್ರಾಮಿನಂತೆ ಹೆಚ್ಚು ಕಡಿಮೆ ಎರಡು ಕ್ವಿಂಟಾಲು ಉಪ್ಪು! ಅದೂ ಅಡುಗೆ ಉಪ್ಪಲ್ಲ. ಕಡಲೆಂದರೆ ಬರಿಯ ಉಪ್ಪುನೀರೆಂದು ತಿಳಿದವರು ಅಲ್ಲಿಯೇ ಸೋಲುತ್ತಾರೆ. ಅದರಲ್ಲಿ ಮೆಗ್ನೀಸಿಯಮ್ಮು, ಸುಣ್ಣ, ಪೊಟ್ಯಾಸಿಯಮ್ಮು, ಗಂಧಕದ ಲವಣಗಳು ಎಲ್ಲವೂ ತಮ್ಮ ತಮ್ಮ ಪಾಲಿನಲ್ಲಿ ಸೇರಿರಬೇಕು. ಸಮುದ್ರತೀರದ ಊರಿನಲ್ಲಿ ಕುಳಿತು ಪರದೇಶದಿಂದ ತರಿಸಿದ ಸಮುದ್ರದ ಪುಡಿಯನ್ನು ಬಾವಿ ನೀರಿಗೆ ಕಲಸುವುದು! ನಮ್ಮ ಹಿರಿಯರು ಕೇಳಿದ್ದರೆ ಯಾವುದಾದರೂ ಗಾದೆ ಕಟ್ಟುತ್ತಿದ್ದರು.

ನೀರು ತುಂಬಿದರೂ ಮೀನು ಬಿಡುವ ಹಾಗಿರಲಿಲ್ಲ. ಮೀನಿನ ಹೇಲುಚ್ಚೆಯಿಂದ ಅಮೋನಿಯ ಹುಟ್ಟುತ್ತದೆ. ಅದು ಮೀನಿಗೇ ವಿಷ. ಕಣ್ಣಿಗೆ ಕಾಣದ ಒಂದು ಬಗೆಯ ಅಣುಜೀವಿಗಳು ಅದನ್ನು ನೈಟ್ರೈಟಾಗಿಸುತ್ತವೆ, ಅದೂ ವಿಷವೇ. ಇನ್ನೊಂದು ಬಗೆಯವು ಅದನ್ನು ನೈಟ್ರೇಟಾಗಿಸುತ್ತವೆ. ಅದು ಅಷ್ಟು ಕೇಡಲ್ಲ. ಈ ಎರಡು ಸಂಸಾರಗಳು ಕಲ್ಲಿನಲ್ಲಿಯೂ ಮರಳಿನಲ್ಲಿಯೂ ಬಂದು ನೆಲೆಸಿ ಬೆಳೆಯುವುದಕ್ಕೆ ನಾಲ್ಕರಿಂದ ಆರು ವಾರ ಬೇಕು. ಅಷ್ಟು ದಿನವೂ ಮಿತ್ರರು ದೀಪ ಹಾಕಿ, ಅಲೆಯೆಬ್ಬಿಸುವ ಯಂತ್ರ ಓಡಿಸಿ, ಏನೂ ಇಲ್ಲದ ನೀರಿನ ಮುಂದೆ ಕುಳಿತಿದ್ದರು. ಬಂದವರು, “ಎಂತದು ಮಾರಾಯ್ರೆ, ಮೀನೆಲ್ಲಿ?” ಎಂದು ಕೇಳುತ್ತಿದ್ದರು. ನಾನೂ ಕೇಳಿದ್ದೇನೆ. ಆದರೆ ಆ ಆರು ವಾರಗಳ ಮಿತ್ರರನ್ನು ನೆನೆದರೆ ಈಗಲೂ ನನಗೆ ಗೌರವ ಹುಟ್ಟುತ್ತದೆ. ಕಡಲು ನಮಗೆ ಕೇಳದೆ ಮಾಡಿಕೊಡುತ್ತಿರುವ ಕೆಲಸಗಳ ಪಟ್ಟಿಯನ್ನು ಅವರು ಒಂದೊಂದಾಗಿ ಕಲಿತರು. ಅಲೆ ಏಕೆ ಬೇಕು, ನೊರೆ ಏಕೆ ಬೇಕು, ಮರಳಿನೊಳಗಿನ ಹುಳು ಏಕೆ ಬೇಕು. ನಮ್ಮ ಊರಿನ ಏಪ್ರಿಲ್ ಸೆಖೆಯಲ್ಲಿ ನೀರು ೩೦ ಡಿಗ್ರಿ ದಾಟದಂತೆ ತಂಪು ಮಾಡುವ ಯಂತ್ರ ಬೇರೆ. ಅದು ಹಗಲಿರುಳು ಗುಂಯ್‌ಗುಟ್ಟುತ್ತದೆ. ಅದರ ಕರೆಂಟಿನ ಬಿಲ್ಲು ಅವರ ಪಿಂಚಣಿಯೊಡನೆ ಏನು ಮಾತಾಡಿಕೊಳ್ಳುತ್ತದೆಯೋ ನಾನು ಕೇಳಿಲ್ಲ.

ಕಡೆಗೆ ಮೀನುಗಳು ಬಂದವು. ಆರು ಕ್ಲೌನ್ ಮೀನು, ಮಕ್ಕಳು ಸಿನಿಮಾ ನೋಡಿ ‘ನೀಮೊ’ ಎಂದು ಕರೆಯುವ ಕಿತ್ತಳೆ ಬಣ್ಣದ ಬಿಳಿ ಪಟ್ಟೆಯವು. ಕೆಲವು ಡ್ಯಾಮ್ಸೆಲ್ ಮೀನು. ಮತ್ತೆ ತಟ್ಟೆಯಂತೆ ಚಪ್ಪಟೆಯಾದ, ಹಳದಿ ಬಾಲದ, ನೋಡಿದರೆ ಕಣ್ಣು ಕೀಳಲಾಗದ ನೀಲಿಯ ಸರ್ಜನ್ ಮೀನು ಒಂದು. ಹವಳ ಇಲ್ಲ. ಕಲ್ಲುಹವಳವನ್ನು ನಮ್ಮ ಸರ್ಕಾರ ೨೦೦೧ರಲ್ಲಿ ವನ್ಯಜೀವಿ ಕಾನೂನಿನ ಮೊದಲ ಅನುಸೂಚಿಗೆ, ಹುಲಿಯಿರುವ ಸಾಲಿಗೆ, ಸೇರಿಸಿತು. ಮಿತ್ರರು ಕಾನೂನಿಗೆ ಅಂಜುವವರು. ಸಿಮೆಂಟಿನಲ್ಲಿ ಮಾಡಿದ ಬಂಡೆಗಳನ್ನೇ ಜೋಡಿಸಿದ್ದಾರೆ. ಆ ನೀಲಿ ಮೀನು ಬೆಂಗಳೂರಿನ ಅಂಗಡಿಯಿಂದ ಪ್ಲಾಸ್ಟಿಕ್ ಚೀಲದಲ್ಲಿ ರಾತ್ರಿ ಬಸ್ಸು ಹತ್ತಿ ಶಿರಾಡಿ ಘಾಟಿ ಇಳಿದು ಬಂತು. ಯಾವ ಕಡಲಿನದೆಂದು ಅಂಗಡಿಯವನಿಗೂ ತಿಳಿಯದು. ಕಡಲ ಮೀನು ಘಟ್ಟ ಇಳಿದು ಕಡಲ ಊರಿಗೆ ಬರುವ ಕಾಲ!

ಇಷ್ಟು ಹೇಳಿದ್ದು ಒಬ್ಬ ಹೆಂಗಸಿನ ಮಾತಿಗೆ ಪೀಠಿಕೆಯಾಗಿ. ಬೆಂಗ್ರೆಯಿಂದ ಬುಟ್ಟಿ ಹೊತ್ತು ಬರುವ ಮೀನಿನವಳು ಆ ಮನೆಗೆ ಇಪ್ಪತ್ತು ವರ್ಷದ ಪರಿಚಿತೆ. ಒಂದು ದಿನ ನಾನಿದ್ದಾಗಲೇ ಬಂದಳು. ಬುಟ್ಟಿಯಲ್ಲಿ ಬಂಗುಡೆ ಇತ್ತು. ಮಿತ್ರರು ಹೆಮ್ಮೆಯಿಂದ ಅವಳನ್ನು ಚಾವಡಿಗೆ ಕರೆದು ತೋರಿಸಿದರು. ಅವಳು ಸೆರಗಿನಲ್ಲಿ ಕೈ ಒರಸಿಕೊಂಡು ಬಹಳ ಹೊತ್ತು ನೋಡಿದಳು. ಆಮೇಲೆ ತುಳುವಿನಲ್ಲಿ ನಡೆದ ಮಾತನ್ನು ಕನ್ನಡದಲ್ಲಿ ಹೇಳುತ್ತೇನೆ.

“ಇದು ತಿನ್ನುವ ಜಾತಿಯಾ ಅಣ್ಣಾ?”

“ಅಲ್ಲ ಅಕ್ಕಾ.”

“ಮತ್ತೆ ಹಿಡಿದದ್ದು ಎಂತಕ್ಕೆ?”

“ನೋಡಲಿಕ್ಕೆ.”

“ನೋಡಲಿಕ್ಕೆ ಕಡಲು ಉಂಟಲ್ಲ!”

ನಾವು ಮೂವರೂ ನಕ್ಕೆವು. ಅವಳು ಬಂಗುಡೆ ಎಣಿಸಿ ಕೊಟ್ಟು ಹೋದಳು. ಮಧ್ಯಾಹ್ನ ಅದೇ ಮನೆಯಲ್ಲಿ ಅದೇ ಬಂಗುಡೆಯ ಪುಳಿಮುಂಚಿಯನ್ನು ಕುಚ್ಚಲಕ್ಕಿ ಅನ್ನದೊಡನೆ ಉಂಡೆ. ಎದುರಿಗೆ ಗಾಜಿನೊಳಗೆ ನೀಲಿ ಮೀನು ತಿರುಗುತ್ತಿತ್ತು. ತಟ್ಟೆಯಲ್ಲಿದ್ದ ಮೀನಿನ ವಿಷಯದಲ್ಲಿ ನನಗೆ ಯಾವ ಸಂಕೋಚವೂ ಆಗಲಿಲ್ಲ. ಗಾಜಿನಲ್ಲಿದ್ದ ಮೀನಿನ ವಿಷಯದಲ್ಲಿ ಆಯಿತು. ಇದು ವಿಚಿತ್ರವಲ್ಲವೆ? ಕೊಂದು ತಿಂದದ್ದು ಸರಿಯಾಗಿ ಕಂಡು, ಅನ್ನ ಹಾಕಿ ಸಾಕಿದ್ದು ತಪ್ಪಾಗಿ ಕಾಣುವುದೆಂದರೆ ತರ್ಕ ಎಲ್ಲಿಯೋ ತಲೆಕೆಳಗಾಗಿದೆ ಎಂದಾಯಿತು. ಜೈನಮಿತ್ರರೊಬ್ಬರ ಮುಂದೆ ಇದನ್ನು ಹೇಳಿದೆ. ಅವರು ಎರಡೂ ತಪ್ಪು ಎಂದು ಎರಡು ಮಾತಿನಲ್ಲಿ ಮುಗಿಸಿದರು. ಅವರ ದಾರಿ ನೇರ. ನನ್ನಂಥವನಿಗೆ ಅಷ್ಟು ನೇರ ದಾರಿ ಇಲ್ಲ.

ಮೀನಿನವಳ ದೃಷ್ಟಿಯಲ್ಲಿ ಹಿಡಿಯುವುದಕ್ಕೆ ಒಂದು ಕೊನೆ ಇದೆ. ನಾನು ಹುಡುಗನಾಗಿದ್ದಾಗ ರಂಪಣಿ ಬಲೆ ಎಳೆಯುವುದನ್ನು ನೋಡಿದ್ದೇನೆ. ದಡದಲ್ಲಿ ಎರಡು ಸಾಲಾಗಿ ನಿಂತು ಹತ್ತಾರು ಜನ ಹಗ್ಗ ಜಗ್ಗುವರು, ಸುಮ್ಮನೆ ಕೈಹಾಕಿದ ಹುಡುಗರಿಗೂ ನಾಲ್ಕು ಮೀನು ಸಿಗುತ್ತಿತ್ತು. ೧೯೭೦ರ ದಶಕದ ಕೊನೆಯಲ್ಲಿ ಯಂತ್ರದ ದೋಣಿಗಳ ಪರ್ಸೀನ್ ಬಲೆ ಬಂದಮೇಲೆ ಆ ರಂಪಣಿ ಕಣ್ಮರೆಯಾಯಿತು. ಅದು ಬೇರೆ ಕಥೆ, ಅದರಲ್ಲಿಯೂ ಧರ್ಮಾಧರ್ಮಗಳ ಗಂಟು ಇದೆ. ಆದರೆ ಹಿಡಿದ ಬಂಗುಡೆ ಸಂಜೆಯೊಳಗೆ ಯಾರದಾದರೂ ಗಡಿಗೆ ಸೇರುತ್ತಿತ್ತು. ಅದಕ್ಕೂ ಮನುಷ್ಯನಿಗೂ ಇದ್ದ ಲೆಕ್ಕ ಅಲ್ಲಿಗೆ ಮುಗಿಯುತ್ತಿತ್ತು. ಸಾಕಿದ ಮೀನಿನ ಲೆಕ್ಕ ಹಿಡಿದ ದಿನ ಮುಗಿಯುವುದಿಲ್ಲ, ಆ ದಿನ ತೊಡಗುತ್ತದೆ.

ಈ ಮಾತನ್ನು ನಾನು ಮಿತ್ರರ ಮುಂದೆ ಎತ್ತಿದಾಗ ಅವರು ಮನುವಿನ ಕಥೆ ಹೇಳಿದರು. ಮನು ಅರ್ಘ್ಯಕ್ಕೆ ನೀರೆತ್ತಿದಾಗ ಬೊಗಸೆಯಲ್ಲಿ ಪುಟ್ಟ ಮೀನೊಂದು ಬಂತಷ್ಟೆ. ‘ದೊಡ್ಡ ಮೀನುಗಳು ನನ್ನನ್ನು ನುಂಗುತ್ತವೆ, ಕಾಪಾಡು’ ಎಂದಿತು. ಅವನು ಅದನ್ನು ಕುಡಿಕೆಯಲ್ಲಿಟ್ಟ. ಬೆಳೆಯಿತು, ಕೊಳಕ್ಕೆ ಬಿಟ್ಟ. ಬೆಳೆಯಿತು, ನದಿಗೆ ಬಿಟ್ಟ. ಮತ್ತೂ ಬೆಳೆಯಿತು, ಸಮುದ್ರಕ್ಕೆ ಬಿಟ್ಟ. ಪ್ರಳಯ ಬಂದಾಗ ಅದೇ ಮೀನು ಅವನ ದೋಣಿಯನ್ನು ಎಳೆದು ದಡ ಸೇರಿಸಿತು. “ನೋಡಿ, ನಮ್ಮ ಪುರಾಣದಲ್ಲಿ ಮೊತ್ತಮೊದಲು ಮೀನು ಸಾಕಿದವನು ಮನು! ಪಾತ್ರೆ ದೊಡ್ಡದು ಮಾಡುತ್ತ ಹೋದ, ಅದೇ ಅವನ ಪುಣ್ಯ. ನಾನೂ ಬುಡ್ಡಿಯಲ್ಲಿ ಇಡಲಿಲ್ಲ, ಹನ್ನೆರಡು ಅಡಿ ಕೊಟ್ಟಿದ್ದೇನೆ” ಎಂದರು.

ಇದು ಸುಲಭವಾಗಿ ತಳ್ಳಿಹಾಕುವ ವಾದವಲ್ಲ. ದೊಡ್ಡ ತೊಟ್ಟಿ ಕಟ್ಟುವವರೆಲ್ಲರ ಮನಸ್ಸಿನಲ್ಲಿಯೂ ಇದೇ ವಾದ ಇರಬೇಕು: ತೊಟ್ಟಿ ದೊಡ್ಡದಾದಂತೆ ತಪ್ಪು ಚಿಕ್ಕದಾಗುತ್ತದೆ. ಅದರಲ್ಲಿ ಅರ್ಧ ಸತ್ಯವಂತೂ ಉಂಟು. ಹೆಚ್ಚು ನೀರಿದ್ದರೆ ಬಿಸಿ ಬೇಗ ಏರುವುದಿಲ್ಲ, ಉಪ್ಪು ಬೇಗ ಏರುಪೇರಾಗುವುದಿಲ್ಲ, ಒಂದು ಮೀನು ಸತ್ತರೆ ಉಳಿದವಕ್ಕೆ ಒಡನೆ ವಿಷ ಏರುವುದಿಲ್ಲ. ಆದರೆ ದೊಡ್ಡದು ಎಂಬುದು ಯಾರ ಅಳತೆಯಲ್ಲಿ? ಕ್ಲೌನ್ ಮೀನು ಕಡಲಿನಲ್ಲಿ ಕೂಡ ತಾನು ನೆಲೆಸಿದ ಕಡಲಹೂವಿನ ಮಗ್ಗುಲನ್ನು ಬಿಟ್ಟು ಹೋಗುವುದಿಲ್ಲ. ಅದರ ಸಂಸಾರವೆಲ್ಲ ಒಂದೆರಡು ಮೊಳದೊಳಗೆ. ಹೆಣ್ಣು ದೊಡ್ಡದು, ಮನೆಯ ಯಜಮಾನಿ. ಅವಳು ಸತ್ತರೆ ಗಂಡೇ ಹೆಣ್ಣಾಗಿ ಮಾರ್ಪಟ್ಟು ಯಜಮಾನಿಕೆ ವಹಿಸುತ್ತದೆ. ಮೊಟ್ಟೆ ಕಾಯುವುದು ಗಂಡಿನ ಕೆಲಸ. ಇಂಥ ಮನೆಹುಳುವಿಗೆ ಹನ್ನೆರಡು ಅಡಿ ಅರಮನೆಯೇ ಸರಿ. ಅಲ್ಲದೆ ಈಗ ಈ ಮೀನುಗಳನ್ನು ಕಡಲಿನಿಂದ ತರಬೇಕಾಗಿಯೂ ಇಲ್ಲ. ಕೇಂದ್ರ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ಅವನ್ನು ಮರಿ ಮಾಡಿಸುವ ಕ್ರಮವನ್ನು ಸಾಧಿಸಿದ್ದಾರೆ. ಮಿತ್ರರ ಆರು ಮೀನುಗಳೂ ಹಾಗೆ ತೊಟ್ಟಿಯಲ್ಲೇ ಹುಟ್ಟಿದವು. ಅವು ಕಡಲಹೂವನ್ನು ಕಂಡಿಲ್ಲ. ಮಿತ್ರರು ಒಂದು ಮಣ್ಣಿನ ಕುಡಿಕೆಯನ್ನು ಮರಳಿನ ಮೇಲೆ ಅಡ್ಡ ಮಲಗಿಸಿದ್ದಾರೆ, ಅದನ್ನೇ ಮನೆಯೆಂದು ಭಾವಿಸಿ ದೊಡ್ಡ ಹೆಣ್ಣು ಅದರ ಬಾಯಲ್ಲಿ ಕುಳಿತು ಬಂದವರನ್ನು ಅಟ್ಟುತ್ತದೆ. ಕಡಲನ್ನು ಕಾಣದ ಜೀವದಿಂದ ಕಡಲನ್ನು ಕಿತ್ತುಕೊಂಡೆವೆಂದು ಹೇಳುವುದು ಹೇಗೆ? ಇಲ್ಲಿ ನನಗೆ ಉತ್ತರ ಹೊಳೆಯುವುದಿಲ್ಲ. ಹುಟ್ಟಿದಂದಿನಿಂದ ಪೇಟೆಯಲ್ಲಿಯೇ ಇದ್ದ ನಮ್ಮ ಮಕ್ಕಳ ನೆನಪು ಮಾತ್ರ ಬರುತ್ತದೆ.

ನೀಲಿ ಸರ್ಜನ್ ಮೀನಿನ ಸಂಗತಿ ಬೇರೆ. ಅದು ದಿಬ್ಬದಿಂದ ದಿಬ್ಬಕ್ಕೆ ತಿರುಗುವ ಜಾತಿ. ತೊಟ್ಟಿಯಲ್ಲಿ ಅದನ್ನು ಮರಿ ಮಾಡಿ ಬೆಳೆಸುವುದು ಫ್ಲಾರಿಡಾದ ವಿದ್ವಾಂಸರಿಗೆ ೨೦೧೬ರಲ್ಲಿ ಮೊದಲ ಬಾರಿ ಸಾಧ್ಯವಾಯಿತು. ಇಂದಿಗೂ ಅಂಗಡಿಗೆ ಬರುವವು ಬಹುಪಾಲು ಕಡಲಿನಲ್ಲಿ ಹಿಡಿದವು. ಇದು ಗಾಜಿನ ಉದ್ದಕ್ಕೂ ಹೋಗಿ, ತಿರುಗಿ, ಮತ್ತೆ ಹೋಗಿ ತಿರುಗುವುದನ್ನು ನಾನು ಒಮ್ಮೆ ಎಣಿಸಲು ಹೊರಟು ಬಿಟ್ಟೆ. ಹನ್ನೆರಡು ಅಡಿ ನಮ್ಮ ಚಾವಡಿಗೆ ದೊಡ್ಡದು. ಆ ಮೀನಿಗೆ ಅದು ಎರಡು ತಿರುವುಗಳ ನಡುವಿನ ಅಂತರ. ಇನ್ನು ಮನುವಿನ ಕಥೆ. ಮಿತ್ರರು ಮರೆತದ್ದು ಎರಡು ಸಂಗತಿ. ಆ ಮೀನು ತಾನಾಗಿ ಕಾಪಾಡು ಎಂದು ಕೇಳಿಕೊಂಡಿತ್ತು, ಇದು ಕೇಳಿರಲಿಲ್ಲ. ಮನುವಿನ ಪಾತ್ರೆಗಳ ಸಾಲು ಸಮುದ್ರದಲ್ಲಿ ಹೋಗಿ ಮುಗಿಯಿತು. ನಮ್ಮದು ಸಮುದ್ರದಲ್ಲಿ ಮೊದಲಾಗಿ ಚಾವಡಿಯಲ್ಲಿ ಮುಗಿಯುತ್ತಿದೆ.

ಪ್ರೀತಿಯಿಂದ ಮಾಡಿದ್ದಲ್ಲವೆ ಎಂದು ಕೇಳಬಹುದು. ಪ್ರೀತಿಯಿಂದಲೇ. ಮಿತ್ರರಲ್ಲಿ ಡೌಲು ಇಲ್ಲವೆಂದು ನಾನು ಪ್ರಮಾಣ ಮಾಡಿ ಹೇಳಬಲ್ಲೆ. ಆದರೆ ಈ ಪ್ರೀತಿಯ ಚರಿತ್ರೆ ಅಷ್ಟು ಸುಖದ್ದಲ್ಲ. ಇಂಗ್ಲೆಂಡಿನಲ್ಲಿ ಗಾಜಿನ ಮೇಲಿನ ಸುಂಕವನ್ನು ೧೮೪೫ರಲ್ಲಿ ತೆಗೆದರು, ಗಾಜು ಅಗ್ಗವಾಯಿತು. ೧೮೫೩ರಲ್ಲಿ ಲಂಡನ್ನಿನ ಮೃಗಾಲಯದಲ್ಲಿ ಮೀನಿನ ಮನೆ ತೆರೆಯಿತು. ಮರುವರ್ಷ ಫಿಲಿಪ್ ಹೆನ್ರಿ ಗಾಸ್ ಎಂಬ ಪ್ರಕೃತಿಶಾಸ್ತ್ರಜ್ಞ ‘ಅಕ್ವೇರಿಯಂ’ ಎಂಬ ಪುಸ್ತಕ ಬರೆದ. ಆ ಹೆಸರು ಬಳಕೆಗೆ ಬಂದದ್ದೇ ಅವನಿಂದ. ಗಾಸ್ ದೈವಭೀರು, ಬಂಡೆಯ ಗುಂಡಿಗಳಲ್ಲಿ ಇಳಿತದ ಹೊತ್ತಿಗೆ ಉಳಿಯುವ ಕಡಲಹೂಗಳನ್ನು ಸೃಷ್ಟಿಕರ್ತನ ಕೈಬರಹವೆಂದು ಓದಿದವನು. ಅವನ ಪುಸ್ತಕಗಳನ್ನು ಓದಿ ಸಾವಿರಾರು ಜನ ಸಂಭಾವಿತರು ಬುಟ್ಟಿ ಉಳಿ ಹಿಡಿದು ಸಮುದ್ರತೀರಕ್ಕೆ ಧಾವಿಸಿದರು. ಮನೆಮನೆಯ ಕಿಟಕಿಯಲ್ಲಿ ಕಡಲು ಬಂತು. ಅವನ ಮಗ ಎಡ್ಮಂಡ್ ಗಾಸ್ ೧೯೦೭ರಲ್ಲಿ ತಂದೆಯ ವಿಷಯ ಬರೆದ ಪುಸ್ತಕದಲ್ಲಿ, ತನ್ನ ಬಾಲ್ಯದಲ್ಲಿ ತಂದೆಯೊಡನೆ ಕಂಡ ಆ ಗುಂಡಿಗಳು ಈಗ ಇಲ್ಲ, ಸಂಗ್ರಹಕಾರರ ಸೈನ್ಯ ಅವನ್ನು ಬರಿದು ಮಾಡಿತು ಎಂದು ದುಃಖಪಟ್ಟಿದ್ದಾನೆ. ಅದನ್ನು ಕಂಡು ತಂದೆಯೂ ನೊಂದಿದ್ದ. ಯಾರೂ ದ್ವೇಷದಿಂದ ಮಾಡಿದ್ದಲ್ಲ. ೧೯೬೦ರ ದಶಕದಿಂದ ಫಿಲಿಪ್ಪೀನ್ಸಿನ ಹವಳದ ದಿಬ್ಬಗಳಲ್ಲಿ ಸಯನೈಡು ಬೆರೆಸಿದ ನೀರನ್ನು ಚಿಮ್ಮಿಸಿ, ಮಂಕಾದ ಮೀನುಗಳನ್ನು ಬಾಚಿ ಪೇಟೆಗೆ ಕಳುಹಿಸಿದ್ದೂ ಯಾರೋ ಎಲ್ಲಿಯೋ ಚಾವಡಿಯಲ್ಲಿ ಕುಳಿತು ಪ್ರೀತಿಯಿಂದ ನೋಡುವುದಕ್ಕೇ.

ಹಾಗೆಂದು ತೊಟ್ಟಿಗಳೆಲ್ಲ ಒಡೆದುಹೋಗಲಿ ಎನ್ನುವ ಧೈರ್ಯ ನನಗಿಲ್ಲ. ಹೇಳಿದರೆ ಕೃತಘ್ನತೆಯಾದೀತು. ಮುಂಬಯಿಯಲ್ಲಿ ತಾರಾಪೊರೆವಾಲಾ ಮತ್ಸ್ಯಾಲಯ ೧೯೫೧ರಲ್ಲಿ ತೆರೆಯಿತು. ನಮ್ಮ ಕಡೆಯ ಅರ್ಧ ಜನಕ್ಕೆ ಮುಂಬಯಿಯಲ್ಲಿ ಒಬ್ಬ ಮಾವನೋ ಅಣ್ಣನೋ ಇರುತ್ತಿದ್ದ ಕಾಲ. ನನಗೂ ಒಬ್ಬ ಸೋದರಮಾವ ಇದ್ದ. ಅವನು ನನ್ನನ್ನು ಮರೀನ್ ಡ್ರೈವಿನ ಆ ಕಟ್ಟಡಕ್ಕೆ ಕರೆದುಕೊಂಡು ಹೋದ. ಕಡಲ ತೀರದಲ್ಲಿಯೇ ಹುಟ್ಟಿ ಬೆಳೆದಿದ್ದ ನಾನು ಬದುಕಿರುವ ತೊರಕೆ ಮೀನನ್ನು ಮೊದಲು ಕಂಡದ್ದು ಅಲ್ಲಿ. ಅದುವರೆಗೆ ತೊರಕೆಯೆಂದರೆ ಬಂದರಿನ ಧಕ್ಕೆಯಲ್ಲಿ ಬಿದ್ದಿರುವ ಒದ್ದೆ ಚರ್ಮದ ಚಾಪೆ. ಅಲ್ಲಿ ಅದು ಎರಡು ರೆಕ್ಕೆ ಬೀಸುತ್ತ ಹಾರುತ್ತಿತ್ತು. ಊರಿಗೆ ಹಿಂದಿರುಗಿದ ಮೇಲೆ ಧಕ್ಕೆಗೆ ಹೋದಾಗ ಕಾಲಿನಿಂದ ಮೀನನ್ನು ತಳ್ಳಿ ನೋಡುವ ಚಾಳಿ ನನ್ನಿಂದ ಬಿಟ್ಟುಹೋಯಿತು. ಆ ತೊರಕೆಗೆ ನಾನು ಸಾಲಗಾರ. ಮಿತ್ರರ ತೊಟ್ಟಿಯನ್ನೂ ಭಾನುವಾರ ನೆರೆಹೊರೆಯ ಮಕ್ಕಳು ಬಂದು ನೋಡುತ್ತಾರೆ. ಭಾರತದ ಮೊದಲನೆಯ ಮೀನುಗಾರಿಕಾ ಕಾಲೇಜು ೧೯೬೯ರಲ್ಲಿ ಹುಟ್ಟಿದ್ದು ನಮ್ಮ ಊರಿನಲ್ಲಿ. ಆ ಮಕ್ಕಳಲ್ಲಿ ಒಬ್ಬಿಬ್ಬರು ಮುಂದೆ ಅಲ್ಲಿಗೆ ಹೋಗಲೂಬಹುದು.

ಮಿತ್ರರದು ಇನ್ನೊಂದು ವಾದವೂ ಇದೆ. ಹಳೆಯ ಬಂದರಿನಿಂದ ಮಂಜಿಗಳಲ್ಲಿ ಅಕ್ಕಿ, ತರಕಾರಿ, ಜಲ್ಲಿ ತುಂಬಿಕೊಂಡು ಲಕ್ಷದ್ವೀಪಕ್ಕೆ ಹೋಗುತ್ತಾರಲ್ಲ, ಆ ದ್ವೀಪಗಳೆಲ್ಲ ಹವಳ ಕಟ್ಟಿದವು. ಕಡಲ ನೀರು ಮಿತಿಮೀರಿ ಕಾದು ೧೯೯೮ರಲ್ಲಿ, ೨೦೧೦ರಲ್ಲಿ, ೨೦೧೬ರಲ್ಲಿ ಅಲ್ಲಿಯ ಹವಳ ಬಿಳಿಚಿ ರಾಶಿರಾಶಿಯಾಗಿ ಸತ್ತಿತು. “ಹೊರಗಿನ ಕಡಲೇ ಕೆಡುತ್ತಿರುವಾಗ ಒಳಗೆ ಒಂದು ಕಡಲನ್ನು ಕಾಪಾಡುವುದು ತಪ್ಪೇ? ಪ್ರಳಯಕ್ಕೆ ದೋಣಿ ಬೇಡವೇ ಮಾರಾಯ್ರೆ?” ಎನ್ನುತ್ತಾರೆ. ದೋಣಿ ಬೇಕು. ಆದರೆ ದೋಣಿಯೆಂದರೆ ಇಳಿಯುವ ದಡವೂ ಇರಬೇಕು. ಈ ತೊಟ್ಟಿಯಿಂದ ಏನನ್ನು ತೆಗೆದು ಯಾವ ಕಡಲಿಗೆ ಮರಳಿಸುವ ಹಾಗಿದೆ? ಜೊತೆಗೆ, ಈ ತೊಟ್ಟಿಯನ್ನು ತಂಪಾಗಿಡಲು ಹಗಲಿರುಳು ಉರಿಯುವ ಕರೆಂಟು ಎಲ್ಲಿಯೋ ಕಲ್ಲಿದ್ದಲನ್ನು ಸುಟ್ಟು ಬರುತ್ತದೆ. ಆ ಬಿಸಿ ಕೊನೆಗೆ ಸೇರುವುದು ಎಲ್ಲಿಗೆ? ಇದನ್ನು ನಾನು ಅವರಿಗೆ ಹೇಳಲಿಲ್ಲ. ನನ್ನ ಮನೆಯಲ್ಲಿಯೂ ಮಲಗುವ ಕೋಣೆಗೆ ತಂಪು ಯಂತ್ರವಿದೆ.

ಹೀಗೆ ವಾದಗಳನ್ನು ಅತ್ತಿತ್ತ ತೂಗುತ್ತ ನಾನು ಸುಖವಾಗಿದ್ದೆ. ಕಳೆದ ಜೂನಿನಲ್ಲಿ ಮಿತ್ರ ದಂಪತಿಗಳು ನೆಂಟರ ಮದುವೆಗೆಂದು ನಾಲ್ಕು ದಿನ ಊರಿಗೆ ಹೋದರು. ಬೀಗದ ಕೈಯನ್ನು ನನಗೆ ಕೊಟ್ಟರು. ಮೀನಿಗೆ ಎಷ್ಟು ಚಿಟಿಕೆ ಆಹಾರ, ಯಾವ ಗುಂಡಿ ಒತ್ತಬೇಕು, ಯಾವುದನ್ನು ಮುಟ್ಟಲೇಬಾರದು, ಎಲ್ಲವನ್ನೂ ಬ್ಯಾಂಕಿನ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿದ್ದರು. ಮೂರನೆಯ ರಾತ್ರಿ ಗಾಳಿಮಳೆ. ಎಲ್ಲಿಯೋ ಮರ ಬಿದ್ದು ಹತ್ತು ಗಂಟೆಗೆ ಕರೆಂಟು ಹೋಯಿತು. ನಾನು ಕೊಡೆ ಹಿಡಿದು ಓಡಿದೆ. ಬ್ಯಾಟರಿ ಮೂರು ಗಂಟೆ ಎಳೆಯಿತು. ಒಂದು ಗಂಟೆ ರಾತ್ರಿಗೆ ಅಲೆಯೆಬ್ಬಿಸುವ ಯಂತ್ರ ನಿಂತಿತು.

ಕಡಲು ಸದ್ದು ಮಾಡುವುದನ್ನು ನಿಲ್ಲಿಸಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ನೀರು ಕದಡದೆ ನಿಂತರೆ ಗಾಳಿ ಒಳಗಿಳಿಯುವುದಿಲ್ಲ. ಮೀನೂ ಕಾಣದ ಆ ಅಣುಜೀವಿಗಳೂ ಒಂದೇ ಉಸಿರನ್ನು ಹಂಚಿಕೊಳ್ಳಬೇಕು. ಟಾರ್ಚು ಹಿಡಿದು ನೋಡಿದೆ. ಮೊದಮೊದಲು ಏನೂ ತೋರಲಿಲ್ಲ. ಎರಡು ಗಂಟೆಯ ಹೊತ್ತಿಗೆ ನೀಲಿ ಮೀನು ಮೇಲೆ ಬಂದು ನೀರಿನ ತೊಗಲಿಗೆ ಬಾಯಿಟ್ಟು ನಿಂತಿತು. ಪಕ್ಕದ ಮನೆಯ ಕಾಲೇಜು ಹುಡುಗನನ್ನು ಎಬ್ಬಿಸಿದೆ. ಇಬ್ಬರೂ ಸ್ಟೂಲು ಹತ್ತಿ, ಚೆಂಬಿನಲ್ಲಿ ನೀರು ಮೊಗೆದು ಎತ್ತರದಿಂದ ಸುರಿಯತೊಡಗಿದೆವು. ಮೊಗೆಯುವುದು, ಸುರಿಯುವುದು. ಹೊರಗೆ ಇಡೀ ಆಕಾಶ ಕಡಲಿಗೆ ನೀರು ಸುರಿಯುತ್ತಿತ್ತು. ಒಳಗೆ ನಾವಿಬ್ಬರು ಒಂದೊಂದು ಚೆಂಬು. ನಾಲ್ಕು ಗಂಟೆಗೆ ನನ್ನ ಭುಜ ಬಿದ್ದುಹೋಯಿತು. ‘ಅಂಕಲ್, ನೀವು ಕೂತ್ಕೊಳ್ಳಿ’ ಎಂದ ಹುಡುಗ. ಕೂತೆ. ಎಷ್ಟು ಹೊತ್ತು ಕೂತೆನೋ, ಕಣ್ಣು ಹತ್ತಿರಬೇಕು. ಆರು ಗಂಟೆಗೆ ಕರೆಂಟು ಬಂತು. ಕ್ಲೌನ್ ಮೀನುಗಳು ಕುಡಿಕೆಯ ಬಾಯಲ್ಲಿ ಎಂದಿನಂತೆ ಇದ್ದವು. ನೀಲಿ ಮೀನು ಮರಳಿನ ಮೇಲೆ ಮಗ್ಗುಲಾಗಿ ಬಿದ್ದಿತ್ತು. ಅದರ ಬಣ್ಣ ಆಗಲೇ ಮಾಸತೊಡಗಿತ್ತು.

ಸಾವಿರ ಬಂಗುಡೆ ತಿಂದವನು ನಾನು. ಒಂದು ಮೀನು ಸತ್ತಿತೆಂದು ಆ ಬೆಳಗ್ಗೆ ಕಾಫಿ ಇಳಿಯಲಿಲ್ಲವೆಂದರೆ ನಗುವವರು ನಗಲಿ. ನನ್ನನ್ನು ಚುಚ್ಚಿದ್ದು ಸಾವಲ್ಲ. ಅದರ ಉಸಿರು ನನ್ನ ಭುಜದ ಶಕ್ತಿಯ ಮೇಲೆ ನಿಂತಿತ್ತು, ಹಾಗೆ ನಿಲ್ಲಬೇಕಾದ ಕಾರಣ ಲೋಕದಲ್ಲಿ ಯಾವುದೂ ಇರಲಿಲ್ಲ. ಅದು ಹುಟ್ಟಿದ ಕಡಲಿನಲ್ಲಿ ಯಾರೂ ಎಚ್ಚರವಾಗಿರಬೇಕಾಗಿರಲಿಲ್ಲ.

ಮಿತ್ರರು ಬಂದಮೇಲೆ ನಾನು ಕ್ಷಮೆ ಕೇಳಿದೆ. ಅವರು ನನ್ನ ಕೈ ಹಿಡಿದುಕೊಂಡರು, ಏನೂ ಹೇಳಲಿಲ್ಲ. ಒಂದು ವಾರದ ಮೇಲೆ ಅವರೇ ಮಾತು ತೆಗೆದರು. ಅವರಿಗೀಗ ಅರುವತ್ತೆಂಟು. ಎದೆಗೆ ಒಮ್ಮೆ ಚಿಕಿತ್ಸೆಯಾಗಿದೆ. ಕ್ಲೌನ್ ಮೀನುಗಳು ಚೆನ್ನಾಗಿ ಸಾಕಿದರೆ ಇಪ್ಪತ್ತು ವರ್ಷ ಬದುಕುವುದುಂಟು. ಮಗಳು ಕೆನಡಾದಲ್ಲಿದ್ದಾಳೆ, ತೊಟ್ಟಿಯ ಮಾತೆತ್ತಿದರೆ, “ಅಪ್ಪಾ, ಅದನ್ನೆಲ್ಲ ಕಡಲಿಗೆ ಬಿಟ್ಟುಬಿಡಿ” ಎನ್ನುತ್ತಾಳಂತೆ. ಬಿಡುವ ಹಾಗಿಲ್ಲ. ಅಟ್ಲಾಂಟಿಕ್ ಕಡಲಿಗೆ ಸೇರದ ಸಿಂಹಮೀನು ೧೯೮೫ರಲ್ಲಿ ಫ್ಲಾರಿಡಾದ ತೀರದಲ್ಲಿ ಮೊದಲು ಕಾಣಿಸಿಕೊಂಡಿತು, ಯಾರೋ ಸಾಕಿ ಸಾಕಾಗಿ ಬಿಟ್ಟದ್ದೆಂದು ನಂಬಿಕೆ. ಆಮೇಲೆ ಕೆರಿಬಿಯನ್ ಕಡಲನ್ನೆಲ್ಲ ಹಬ್ಬಿ ಅಲ್ಲಿಯ ಮರಿಮೀನುಗಳನ್ನು ನುಂಗಿಹಾಕುತ್ತಿದೆ. ಕುಡಿಕೆಯನ್ನು ಮನೆಯೆಂದುಕೊಂಡಿರುವ ನಮ್ಮ ಮೀನುಗಳು ತಣ್ಣೀರುಬಾವಿಯ ಅಲೆಯಲ್ಲಿ ಒಂದು ಗಳಿಗೆಯೂ ಉಳಿಯಲಾರವು, ಉಳಿದರೆ ಅದು ಇನ್ನೊಂದು ಕೇಡು. ತೆಗೆಯುವುದು ಮನುಷ್ಯನಿಗೆ ಸಾಧ್ಯವಾಗುತ್ತದೆ, ಇಟ್ಟಲ್ಲಿ ಇಡುವುದು ಸಾಧ್ಯವಾಗುವುದಿಲ್ಲ.

“ನನ್ನ ನಂತರ ನೀವು ನೋಡಿಕೊಳ್ಳುತ್ತೀರಾ?” ಎಂದು ಮಿತ್ರರು ಕೇಳಿದರು.

ನನಗೆ ಅವರಿಗಿಂತ ಆರೇ ವರ್ಷ ಕಡಿಮೆ. ಬೇಡವೆನ್ನಬೇಕೆಂದು ಬಾಯಿ ತೆರೆದೆ. ಇನ್ನು ಹೊಸ ಮೀನು ತರಬೇಡಿ ಎಂದಷ್ಟೇ ಹೇಳಿದೆ. ತರುವುದಿಲ್ಲ ಎಂದರು. ಅವರ ಪ್ರಶ್ನೆಗೆ ಅದು ಉತ್ತರವಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಜೂನ್, ಜುಲೈ ಎರಡು ತಿಂಗಳು ಯಂತ್ರದ ದೋಣಿಗಳು ಕ‌ಡಲಿಗೆ ಇಳಿಯುವುದಿಲ್ಲ, ಬೆಂಗ್ರೆಯವಳೂ ಬಂದಿರಲಿಲ್ಲ. ಆಗಸ್ಟಿನಲ್ಲಿ ಬಂದವಳು ಬುಟ್ಟಿ ಇಳಿಸಿ, ತೊಟ್ಟಿಯ ಕಡೆ ನೋಡಿ, “ಆ ನೀಲಿಯದು ಎಲ್ಲಿ?” ಎಂದು ಕೇಳಿದಳು. ಸತ್ತಿತು ಎಂದೆವು. “ಅಯ್ಯೋ ಪಾಪ” ಎಂದಳು. ಆಮೇಲೆ ಬಂಗುಡೆಯ ರೇಟು ಹೇಳಿದಳು.

ಬೀಗದ ಕೈಯನ್ನು ಹಿಂದಕ್ಕೆ ಕೊಡಲು ನಾಲ್ಕೈದು ಬಾರಿ ಜೇಬಿನಲ್ಲಿಟ್ಟುಕೊಂಡು ಹೋಗಿದ್ದೇನೆ. ಇನ್ನೂ ನನ್ನ ಹತ್ತಿರವೇ ಇದೆ.